ತೋಟ ಒಬ್ಬರೇ ಕಲಿಯುವ ವಿದ್ಯೆಯಲ್ಲ: ಮಸ್ಕಿ ಬಂಡೆಯಿಂದ ಕ್ಯಾಂಪಿನ ಹಿತ್ತಲದವರೆಗೆ

ಸಿಂಧನೂರು ಅಂದರೆ ಭತ್ತ, ಲಿಂಗಸುಗೂರು ಅಂದರೆ ಹಟ್ಟಿ ಚಿನ್ನದ ಗಣಿ, ಮಸ್ಕಿ ಅಂದರೆ ಅಶೋಕನ ಶಾಸನ. ನಮ್ಮ ಮೂರು ತಾಲ್ಲೂಕುಗಳನ್ನು ಹೊರಗಿನವರು ಗುರುತಿಸುವುದು ಹೀಗೆ. ಆದರೆ ಒಮ್ಮೆ ನಮ್ಮ ಸಂತೆಗೆ ಹೋಗಿ ಕಾಯಿಪಲ್ಲೆ ಬುಟ್ಟಿಗಳನ್ನು ನೋಡಿ. ಆಲೂಗಡ್ಡೆ, ಎಲೆಕೋಸು, ಗಜ್ಜರಿ, ಎಷ್ಟೋ ಸಲ ಟೊಮೆಟೊ ಕೂಡ ಬೇರೆ ಜಿಲ್ಲೆಯಿಂದ ಗಾಡಿಯಲ್ಲಿ ಬಂದದ್ದು. ಕಾಲುವೆ ನೀರು ಹರಿಯುವ ಊರಲ್ಲೂ ಕರಿಬೇವನ್ನು ರೊಕ್ಕ ಕೊಟ್ಟು ತರುವ ಮನೆಗಳಿವೆ.

ಇದನ್ನು ಜನರ ಸೋಮಾರಿತನ ಅಂದುಬಿಡುವುದು ಸುಲಭ. ನಾವು ಹಾಗೆ ಅಂದುಕೊಂಡಿಲ್ಲ. ಹಿತ್ತಲ ತೋಟದ ಇತಿಹಾಸವನ್ನು ಹಿಂದಿನಿಂದ ಓದುತ್ತಾ ಬಂದರೆ ಒಂದು ಮಾತು ಮತ್ತೆ ಮತ್ತೆ ಎದುರಾಗುತ್ತದೆ. ತೋಟಗಾರಿಕೆ ಎಂಬುದು ಯಾವ ಕಾಲದಲ್ಲೂ ಒಬ್ಬೊಬ್ಬರೇ ಕಲಿತ ವಿದ್ಯೆಯಲ್ಲ. ಬೀಜ ಕೊಡುವವರು, ಅಗಿ ಹಂಚುವವರು, ತಪ್ಪು ತೋರಿಸುವವರು, ಚಲೋ ಬೆಳೆದರೆ ಶಭಾಷ್ ಅನ್ನುವವರು ಇದ್ದಲ್ಲಿ ಅದು ಉಳಿದಿದೆ. ಆ ಬಳಗ ಚದುರಿದಲ್ಲಿ ನೀರಿದ್ದರೂ ತೋಟ ಹೋಗಿದೆ.

ಇದು ಬರೀ ಹವ್ಯಾಸದ ಮಾತಲ್ಲ. ಒಬ್ಬ ವ್ಯಕ್ತಿ ದಿನಕ್ಕೆ ಕನಿಷ್ಠ 400 ಗ್ರಾಂ ತರಕಾರಿ, ಹಣ್ಣು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐದು ಮಂದಿಯ ಮನೆಗೆ ಲೆಕ್ಕ ಹಾಕಿ: ದಿನಕ್ಕೆ 2 ಕಿಲೊ, ತಿಂಗಳಿಗೆ 60 ಕಿಲೊ. ಕೂಲಿ ಮಾಡಿ ಬದುಕುವ ಎಷ್ಟು ಮನೆಗಳಿಗೆ ಇದನ್ನು ಸಂತೆಯಿಂದ ಕೊಂಡು ತರಲು ಸಾಧ್ಯ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಅದಕ್ಕೆ ಕಾರಣ ಹಲವು. ತಾಟಿನಲ್ಲಿ ಸೊಪ್ಪು, ಕಾಯಿಪಲ್ಲೆ ಕಡಿಮೆ ಇರುವುದೂ ಅದರಲ್ಲೊಂದು.

ಬಂಡೆ ಹೇಳಿದ ಮಾತು

1915ರಲ್ಲಿ ಚಿನ್ನ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ ಅವರಿಗೆ ಮಸ್ಕಿಯ ಗುಡ್ಡದಲ್ಲಿ ಚಿನ್ನದ ಬದಲು ಅಕ್ಷರ ಸಿಕ್ಕಿದವು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದು ಇತ್ತೇ ವಿನಾ ರಾಜನ ಹೆಸರಿರಲಿಲ್ಲ. ಮಸ್ಕಿಯ ಬಂಡೆಯಲ್ಲಿ ಅಶೋಕ ಎಂಬ ಹೆಸರೇ ಇತ್ತು. ಇದು ನಮ್ಮ ಶಾಲೆಯ ಮಕ್ಕಳಿಗೆಲ್ಲ ಗೊತ್ತು.

ಅದೇ ಬಂಡೆಯಲ್ಲಿ ಇನ್ನೊಂದು ಮಾತಿದೆ. ಅದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಒಳ್ಳೆಯ ಫಲ ದೊಡ್ಡವರಿಗೆ ಮಾತ್ರ ಸಿಗುವಂಥದ್ದಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಸಿಗುತ್ತದೆ ಎಂಬುದು ಅದರ ಸಾರ. ಅಲ್ಲಿ ಹೇಳಿರುವುದು ಧರ್ಮದ ವಿಚಾರ, ತೋಟದ ವಿಚಾರವಲ್ಲ. ತೋಟದ ಮಾತು ಅಶೋಕನ ಬೇರೆ ಶಾಸನಗಳಲ್ಲಿ ಬರುತ್ತದೆ. ಅವನ ಎರಡನೇ ಬಂಡೆ ಶಾಸನದಲ್ಲಿ, ಮನುಷ್ಯರಿಗೂ ದನಕರುಗಳಿಗೂ ಬೇಕಾದ ಔಷಧಿ ಗಿಡಗಳು ಎಲ್ಲಿ ಇರಲಿಲ್ಲವೋ ಅಲ್ಲಿಗೆ ತರಿಸಿ ನೆಡಿಸಿದ್ದು, ಗೆಡ್ಡೆ ಮತ್ತು ಹಣ್ಣಿನ ಗಿಡಗಳನ್ನೂ ಹಾಗೆಯೇ ನೆಡಿಸಿದ್ದು, ದಾರಿಯಲ್ಲಿ ಬಾವಿ ತೋಡಿಸಿ ಮರ ಹಚ್ಚಿಸಿದ್ದು ದಾಖಲಾಗಿದೆ.

ಗಿಡವನ್ನು ಇರುವಲ್ಲಿಂದ ಇಲ್ಲದಲ್ಲಿಗೆ ತಂದು ನೆಡುವುದು. 2,200 ವರ್ಷಕ್ಕೂ ಹಿಂದೆ ಇದು ರಾಜ್ಯದ ಕೆಲಸವಾಗಿತ್ತು. ಆದರೆ ಅದಕ್ಕಿಂತ ಬಹಳ ಮೊದಲೇ ಈ ಸೀಮೆಯ ಜನ ಬೀಜ ಹಿಡಿದು ಬದುಕಿದ್ದರು. ಲಿಂಗಸುಗೂರು ತಾಲ್ಲೂಕಿನ ಮುದಗಲ್ ಹತ್ತಿರದ ಪಿಕ್ಲಿಹಾಳದಲ್ಲಿ ರೇಮಂಡ್ ಆಲ್ಚಿನ್ 1950ರ ದಶಕದಲ್ಲಿ ಉತ್ಖನನ ಮಾಡಿ ನವಶಿಲಾಯುಗದ ದನಗಾಹಿಗಳ ನೆಲೆಯನ್ನು ತೋರಿಸಿದರು. ಪಕ್ಕದ ಬಳ್ಳಾರಿಯ ಸಂಗನಕಲ್ಲಿನಂಥ ನೆಲೆಗಳಲ್ಲಿ ಹುರುಳಿ, ಹೆಸರು, ಕೊರಲೆಯ ಕರಿಕಾಳು ಸಿಕ್ಕಿವೆ. ಅಂದರೆ ಹುರುಳಿ, ಹೆಸರಿನ ಬೀಜ ಸುಮಾರು ನಾಲ್ಕು ಸಾವಿರ ವರ್ಷ ಕೈಯಿಂದ ಕೈಗೆ ದಾಟುತ್ತಾ ಬಂದಿದೆ. ಕೊರಲೆ ಮಾತ್ರ ನಮ್ಮ ಊರುಗಳಲ್ಲಿ ಹೆಚ್ಚುಕಡಿಮೆ ಮರೆತೇಹೋಗಿದೆ.

ಯುದ್ಧದ ಊರು, ಗಿಡದ ಪುಸ್ತಕ

ಸಾವಿರ ವರ್ಷದ ಹಿಂದೆ ಕಲ್ಯಾಣದ ಚಾಲುಕ್ಯ ದೊರೆ ಎರಡನೇ ಜಯಸಿಂಹನಿಗೂ ರಾಜೇಂದ್ರ ಚೋಳನಿಗೂ 1020ರ ಆಸುಪಾಸಿನಲ್ಲಿ ದೊಡ್ಡ ಕಾಳಗವಾಯಿತು. ಚೋಳರ ಶಾಸನಗಳು ಆ ಜಾಗವನ್ನು ಮುಸಂಗಿ ಎನ್ನುತ್ತವೆ. ಅದು ಮಸ್ಕಿಯೇ ಎಂದು ಹಲವು ಇತಿಹಾಸಕಾರರು ಗುರುತಿಸುತ್ತಾರೆ. ಇದೇ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಚಾವುಂಡರಾಯನೆಂಬ ಕವಿ 'ಲೋಕೋಪಕಾರ' ಎಂಬ ಕನ್ನಡ ಗ್ರಂಥ ಬರೆದ.

ಹೆಸರೇ ಹೇಳುವಂತೆ ಅದು ಜನರ ಉಪಯೋಗಕ್ಕೆ ಬರೆದ ಪುಸ್ತಕ. ಅಡುಗೆ, ಮದ್ದು, ನೆಲದಡಿಯ ನೀರು ಪತ್ತೆ ಮಾಡುವುದು, ದನಕರುಗಳ ಆರೈಕೆ ಇವುಗಳ ಜತೆ ಗಿಡ ಬೆಳೆಸುವ ವಿದ್ಯೆಗೇ ಒಂದು ಅಧ್ಯಾಯವಿದೆ. ಅದಕ್ಕೆ ವೃಕ್ಷಾಯುರ್ವೇದ ಎಂದು ಹೆಸರು. ಗಿಡಕ್ಕೂ ರೋಗ ಬರುತ್ತದೆ, ಅದಕ್ಕೂ ಮದ್ದು ಇದೆ ಎಂದು ಅದು ವಿವರಿಸುತ್ತದೆ. ಇಂಥ ಮಾತುಗಳನ್ನು ಸಂಸ್ಕೃತದಲ್ಲಿಡದೆ ಕನ್ನಡದಲ್ಲಿ ಬರೆದದ್ದು ಮುಖ್ಯ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮಲ್ಲಿದೆ. ಆದರೆ ಹಿತ್ತಲ ಗಿಡಕ್ಕೇ ಮದ್ದು ಹೇಳಿದ ಪುಸ್ತಕ ನಮ್ಮ ಭಾಷೆಯಲ್ಲಿ ಸಾವಿರ ವರ್ಷದಿಂದ ಇದೆ.

ಆಮೇಲಿನ ಶತಮಾನಗಳಲ್ಲಿ ನಮ್ಮ ನೆಲ ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ದೋಆಬ್ ಆಗಿ ಬಹಮನಿ, ವಿಜಯನಗರ, ಆದಿಲ್‌ಶಾಹಿಗಳ ನಡುವೆ ಕೈ ಬದಲಾಯಿಸುತ್ತಲೇ ಇತ್ತು. ಮುದಗಲ್ ಕೋಟೆಗಾಗಿ ನಡೆದ ಕಾದಾಟಗಳಿಗೆ ಲೆಕ್ಕವಿಲ್ಲ. ಅದೇ ಕಾಲದಲ್ಲಿ ನಮ್ಮ ಅಡುಗೆಮನೆಯನ್ನೇ ಬದಲಿಸಿದ ಇನ್ನೊಂದು ಸಂಗತಿ ಸದ್ದಿಲ್ಲದೆ ನಡೆಯಿತು. ಪೋರ್ಚುಗೀಸರ ಹಡಗುಗಳಲ್ಲಿ ಅಮೆರಿಕ ಖಂಡದ ಗಿಡಗಳು ಗೋವಾ ಕರಾವಳಿಗೆ ಬಂದವು. ಮೆಣಸಿನಕಾಯಿ, ಪೇರಲ, ಪಪ್ಪಾಯಿ, ಮುಂದೆ ಆಲೂಗಡ್ಡೆ, ಟೊಮೆಟೊ. ಅದಕ್ಕೂ ಮೊದಲು ನಮ್ಮಲ್ಲಿ ಖಾರ ಅಂದರೆ ಕಾಳುಮೆಣಸು. ಮೆಣಸಿನ ಖಾರವಿದ್ದ ಕಾಯಿಗೆ ಮೆಣಸಿನಕಾಯಿ ಎಂಬ ಹೆಸರು ಬಿತ್ತು.

ಇವತ್ತು ಖಾರದಪುಡಿ ಇಲ್ಲದ ಮನೆ ನಮ್ಮಲ್ಲಿದೆಯೇ? ಹೊರಗಿನಿಂದ ಬಂದ ಈ ಗಿಡ ಹಳ್ಳಿಹಳ್ಳಿಗೂ ಹಬ್ಬಿದ್ದು ಅರಮನೆಯ ಆಜ್ಞೆಯಿಂದಲ್ಲ. ಒಬ್ಬರ ಹಿತ್ತಲಿನಿಂದ ಇನ್ನೊಬ್ಬರ ಹಿತ್ತಲಿಗೆ ಬೀಜ ದಾಟಿಯೇ ಇದು ಆಗಿರಬೇಕು.

ಸಂಘ ಕಟ್ಟಿದವರು

ಹಿತ್ತಲಿನ ಈ ಕೊಡುಕೊಳ್ಳುವಿಕೆಗೆ ಸಂಘ ಎಂಬ ರೂಪ ಬಂದದ್ದು 19ನೇ ಶತಮಾನದಲ್ಲಿ. ಇಂಗ್ಲೆಂಡಿನಲ್ಲಿ 1804ರಲ್ಲಿ ತೋಟಗಾರಿಕೆ ಸಂಘ ಹುಟ್ಟಿತ್ತು. ಭಾರತದಲ್ಲಿ 1820ರಲ್ಲಿ ಕೋಲ್ಕತ್ತದಲ್ಲಿ ವಿಲಿಯಂ ಕೇರಿ ಕೃಷಿ-ತೋಟಗಾರಿಕೆ ಸಂಘ ಕಟ್ಟಿದರು. ಈ ಕೇರಿ ಕನ್ನಡದವರಿಗೆ ಪರಕೀಯರಲ್ಲ. 1817ರಲ್ಲಿ ಸೆರಾಂಪುರದ ಮುದ್ರಣಾಲಯದಿಂದ ಕನ್ನಡ ವ್ಯಾಕರಣವೊಂದನ್ನು ಪ್ರಕಟಿಸಿದವರು ಇವರೇ. ಭಾಷೆಗೆ ವ್ಯಾಕರಣ ಬರೆದವರು ಮೂರು ವರ್ಷದ ಮೇಲೆ ತೋಟಕ್ಕೆ ಸಂಘ ಮಾಡಿದರು.

ಬೆಂಗಳೂರಿನ ಲಾಲ್‌ಬಾಗ್ 1760ರಲ್ಲಿ ಹೈದರ್ ಅಲಿ ಶುರುಮಾಡಿ, ಟಿಪ್ಪು ಬೆಳೆಸಿದ ತೋಟ. 1836ರಲ್ಲಿ ವಿಲಿಯಂ ಮನ್ರೋ ಮುಂದಾಳತ್ವದಲ್ಲಿ ಅಲ್ಲೂ ಒಂದು ಕೃಷಿ-ತೋಟಗಾರಿಕೆ ಸಂಘ ಹುಟ್ಟಿತು. ಲಾಲ್‌ಬಾಗನ್ನು ಅದರ ಕೈಗೆ ಕೊಡಲಾಯಿತು. ಆದರೆ 1842ರ ಹೊತ್ತಿಗೆ ಸಂಘವೇ ಮುಚ್ಚಿತು. ಆರೇ ವರ್ಷ.

1908ರಲ್ಲಿ ಜರ್ಮನಿಯ ಜಿ.ಎಚ್. ಕೃಂಬಿಗಲ್ ಮೈಸೂರು ಸಂಸ್ಥಾನದ ತೋಟಗಳ ಹೊಣೆ ಹೊತ್ತು ಬಂದರು. 1912ರಲ್ಲಿ ಅವರು ಮೈಸೂರು ತೋಟಗಾರಿಕಾ ಸಂಘವನ್ನು ಸ್ಥಾಪಿಸಿದರು. ಈ ಸಂಘ ನೂರು ವರ್ಷ ದಾಟಿ ಇವತ್ತಿಗೂ ಇದೆ. ಟಿವಿಯಲ್ಲಿ ನೀವು ನೋಡುವ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ, ಜನವರಿ ಮತ್ತು ಆಗಸ್ಟ್‌ನಲ್ಲಿ ಗಾಜಿನ ಮನೆಯಲ್ಲಿ ನಡೆಯುವುದು, ತೋಟಗಾರಿಕೆ ಇಲಾಖೆಯೂ ಈ ಸಂಘವೂ ಕೂಡಿ ಮಾಡುವಂಥದ್ದು. ಅಂಥ ಪ್ರದರ್ಶನಗಳ ಸಂಖ್ಯೆ ಇನ್ನೂರು ದಾಟಿದೆ.

ಒಂದು ಆರು ವರ್ಷಕ್ಕೆ ನಿಂತಿತು, ಇನ್ನೊಂದು ನೂರು ದಾಟಿತು. ನಮಗೆ ಕಾಣುವ ವ್ಯತ್ಯಾಸ ಇಷ್ಟು. 1912ರ ಸಂಘದ ಜತೆ ಜನ ಬರಲು ಒಂದು ನೆಪವಿತ್ತು, ಅದೇ ಪ್ರದರ್ಶನ. ಪ್ರದರ್ಶನ ಅಂದರೆ ಹೂವಿನ ಗೋಪುರ ಮಾತ್ರವಲ್ಲ. ಮನೆ ತೋಟ, ತರಕಾರಿ, ಕುಂಡದ ಗಿಡ ಎಂದು ಸ್ಪರ್ಧೆ ಇರುತ್ತದೆ. ತೀರ್ಪುಗಾರರು ತೋಟಗಳಿಗೇ ಹೋಗಿ ನೋಡುತ್ತಾರೆ. ಯಾರೋ ನೋಡಲು ಬರುತ್ತಾರೆ ಎಂದರೆ ಮನುಷ್ಯ ಕಳೆ ಕೀಳುತ್ತಾನೆ, ಒಣಗಿದ್ದನ್ನು ತೆಗೆಯುತ್ತಾನೆ, ಗೆದ್ದವರ ತೋಟಕ್ಕೆ ಹೋಗಿ ಹೇಗೆ ಮಾಡಿದಿರಿ ಎಂದು ಕೇಳುತ್ತಾನೆ. ಕಲಿಕೆ ನಡೆಯುವುದು ಆ ಪ್ರಶ್ನೆಯಲ್ಲಿ. ಮೈಸೂರಿನ ದಸರಾ ಫಲಪುಷ್ಪ ಪ್ರದರ್ಶನದಲ್ಲೂ ಜಿಲ್ಲಾ ತೋಟಗಾರಿಕಾ ಸಂಘ ಇದೇ ಕೆಲಸ ಮಾಡುತ್ತದೆ.

ನಮ್ಮ ಕಡೆ ಏಕೆ ಬರಲಿಲ್ಲ?

ಆ ಹೊತ್ತಿಗೆ ನಾವು ಬೇರೆ ರಾಜ್ಯದಲ್ಲಿದ್ದೆವು. ಸಿಂಧನೂರು, ಲಿಂಗಸುಗೂರು, ಮಸ್ಕಿ ಎಲ್ಲವೂ ಹೈದರಾಬಾದ್ ನಿಜಾಮರ ಸಂಸ್ಥಾನಕ್ಕೆ ಸೇರಿದ್ದವು. ಲಿಂಗಸುಗೂರಿನಲ್ಲಿ ಸೈನ್ಯದ ಛಾವಣಿ ಇತ್ತು. 1905ರವರೆಗೆ ಅದೇ ಒಂದು ಜಿಲ್ಲಾ ಕೇಂದ್ರವಾಗಿತ್ತು, ಆಮೇಲೆ ರಾಯಚೂರು ಜಿಲ್ಲೆಗೆ ಸೇರಿತು. ಮೈಸೂರು ಸಂಸ್ಥಾನದ ಸಂಘದ ಕರೆ ಗಡಿ ದಾಟಿ ಇಲ್ಲಿಗೆ ಬರುವ ದಾರಿ ಇರಲಿಲ್ಲ. ಹೈದರಾಬಾದಿನಲ್ಲಿ ನಿಜಾಮರ ದೊಡ್ಡ ಉದ್ಯಾನವಿದ್ದರೂ ಅದು ರಾಜಧಾನಿಯವರ ತಿರುಗಾಟದ ಜಾಗ.

ಹಾಗಂತ ನಮ್ಮವರಿಗೆ ತೋಟ ಗೊತ್ತಿರಲಿಲ್ಲ ಎಂದಲ್ಲ. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಬೀಳುವ ಒಣ ಸೀಮೆಯಲ್ಲಿ ನಮ್ಮ ಅಜ್ಜಿ, ಮುತ್ತಜ್ಜಿಯರ ತೋಟ ಎರಡು ಕಡೆ ಇತ್ತು. ಒಂದು ಹಿತ್ತಲಲ್ಲಿ, ಬಚ್ಚಲ ನೀರು ಹರಿಯುವ ಜಾಗದಲ್ಲಿ. ಬಾಳೆ, ಬದನೆ, ಬಸಳೆ, ನುಗ್ಗೆ, ಕರಿಬೇವು ಅಲ್ಲಿ. ಇನ್ನೊಂದು ಜೋಳದ ಹೊಲದೊಳಗೆ. ಸಾಲಿನ ನಡುವೆ ಪುಂಡಿ, ಅಲಸಂದಿ, ಹೆಸರು. ಹಕ್ಕರಿಕೆಯಂಥ ಸೊಪ್ಪು ಬಿತ್ತದೆಯೂ ಸಿಗುತ್ತಿತ್ತು. ಒಣಗಿದ ಹೀರೇಕಾಯಿಯನ್ನು ಜಂತಿಗೆ ಕಟ್ಟಿ, ಕಾಳಿಗೆ ಬೂದಿ ಸವರಿ ಬೀಜ ಇಡುತ್ತಿದ್ದರು. ಬೀಜ ಇಲ್ಲದವರು ನೆರೆಮನೆಗೆ ಹೋಗಿ ಕೇಳುತ್ತಿದ್ದರು. ರಸೀದಿ ಇಲ್ಲ, ಅಧ್ಯಕ್ಷರಿಲ್ಲ. ಆದರೆ ಸಂಘ ಮಾಡುವ ಕೆಲಸವೆಲ್ಲ ಅಲ್ಲಿ ನಡೆಯುತ್ತಿತ್ತು. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಎಲ್ಲರೂ ಕೂಡಿ ಉಣ್ಣುವಾಗ ಯಾರ ಹೊಲದಲ್ಲಿ ಏನು ಬಂದಿದೆ ಎಂದು ನೋಡುವುದೂ ಒಂದು ಪ್ರದರ್ಶನವೇ.

ಕಾಲುವೆ ಬಂತು, ಹಿತ್ತಲು ಹೋಯಿತು

1945ರಲ್ಲಿ ಹೈದರಾಬಾದ್ ಮತ್ತು ಮದ್ರಾಸ್ ಎರಡೂ ಕಡೆಯವರು ಕೂಡಿ ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಹಾಕಿದರು. 1953ರಲ್ಲಿ ನೀರು ಬಂತು. 1956ರ ನವೆಂಬರ್ 1ರಂದು ನಾವು ಕನ್ನಡ ನಾಡಿಗೆ ಸೇರಿದೆವು. ಎಡದಂಡೆ ಕಾಲುವೆಯ ನೀರು ಸಿಂಧನೂರಿನ ಎರೆ ಭೂಮಿಗೆ ಇಳಿಯಿತು.

ಈ ಕಾಲುವೆಯನ್ನು ಮೂಲತಃ ಯೋಜಿಸಿದ್ದು ಬರದಿಂದ ಕಾಪಾಡುವುದಕ್ಕೆ. ಹೆಚ್ಚು ಜಮೀನಿಗೆ ಸ್ವಲ್ಪ ಸ್ವಲ್ಪ ನೀರು ಕೊಟ್ಟು ಜೋಳ, ಹತ್ತಿ, ಶೇಂಗಾದಂಥ ಬೆಳೆ ಉಳಿಸುವುದು ಉದ್ದೇಶ. ಭತ್ತಕ್ಕೆ ಇಂತಿಷ್ಟೇ ಜಾಗ ಎಂದು ಗುರುತಿಸಲಾಗಿತ್ತು. ಆದರೆ ಆಂಧ್ರದ ಕರಾವಳಿ ಜಿಲ್ಲೆಗಳಿಂದ ಬಂದ ರೈತರು ಜಮೀನು ಕೊಂಡು ಕ್ಯಾಂಪ್ ಕಟ್ಟಿದರು. ಭತ್ತ ಬೆಳೆಯುವ ಕಲೆ ಅವರಿಗೆ ಗೊತ್ತಿತ್ತು. ಅವರನ್ನು ನೋಡಿ ನಮ್ಮವರೂ ಕಲಿತರು. ಇಲ್ಲೂ ಕಲಿಕೆ ನಡೆದದ್ದು ನೆರೆಹೊರೆಯಿಂದಲೇ ಎಂಬುದನ್ನು ಗಮನಿಸಬೇಕು. ಭತ್ತಕ್ಕೆ ಬೆಲೆ ಇತ್ತು, ಗಿರಣಿ ಇತ್ತು, ಸಾಲ ಸಿಗುತ್ತಿತ್ತು. ಮೇಲ್ಭಾಗದವರಿಗೆ ನೀರು ಹೆಚ್ಚಾಗಿ, ಕೊನೆ ಭಾಗದವರ ಕಣ್ಣು ಕಾಲುವೆ ಕಡೆಗೇ ಉಳಿಯಿತು. ಎಷ್ಟೋ ಕಡೆ ನೀರು ನಿಂತು ಭೂಮಿ ಸವಳಾಯಿತು.

ಜೋಳ ಹೋದಲ್ಲಿ ಸಾಲಿನ ನಡುವಿನ ಪುಂಡಿ, ಅಲಸಂದಿಯೂ ಹೋಯಿತು. ನೀರು ನಿಂತ ಗದ್ದೆಯಲ್ಲಿ ಅವು ಬದುಕುವುದಿಲ್ಲ. ಮನೆಗೆ ಇನ್ನೊಂದು ಕೋಣೆ ಕಟ್ಟಲು ಹಿತ್ತಲು ಸವೆಯಿತು. ಬಚ್ಚಲ ನೀರು ಚರಂಡಿಗೆ ಹೋಯಿತು. ಬೀಜ ಅಂಗಡಿಯಿಂದ ಬರಲಾರಂಭಿಸಿತು. ಅಂಗಡಿಯ ಹೈಬ್ರಿಡ್ ಬೀಜದಿಂದ ಬಂದ ಕಾಯಿಯ ಬೀಜವನ್ನು ಮತ್ತೆ ಬಿತ್ತಿದರೆ ಅದೇ ಗುಣ ಬರುವುದಿಲ್ಲ, ಹಾಗಾಗಿ ನೆರೆಮನೆಗೆ ಹೋಗಿ ಬೀಜ ಕೇಳುವ ವಾಡಿಕೆಯೂ ನಿಂತಿತು. ಅಡುಗೆಮನೆಯ ಹೆಣ್ಣುಮಕ್ಕಳ ಕೈಯಲ್ಲಿದ್ದ ವಿದ್ಯೆ ಒಂದೆರಡು ತಲೆಮಾರಿನಲ್ಲಿ ಜಾರಿತು.

ಕ್ಯಾಂಪಿನವರು ತಂದ ಹಿತ್ತಲು

ಇದೇ ಸಿಂಧನೂರಿನಲ್ಲಿ ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ. 1970ರ ದಶಕದಲ್ಲಿ, ಇಂದಿನ ಬಾಂಗ್ಲಾದೇಶವಾದ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಇಲ್ಲಿ ಪುನರ್ವಸತಿ ಕಲ್ಪಿಸಿತು. ಆರ್.ಎಚ್. ಕ್ಯಾಂಪ್‌ಗಳು ಎಂದು ನಾವು ಕರೆಯುವುದು ಅವನ್ನೇ. ಮಳೆ, ಕೆರೆ, ಹೊಳೆಯ ನಾಡಿನಿಂದ ಬಂದವರಿಗೆ ರಾಯಚೂರಿನ ಬಿಸಿಲು ಹೊಸದು, ಭಾಷೆ ಹೊಸದು, ಎರೆ ಮಣ್ಣು ಹೊಸದು.

ಬಂಗಾಳದ ಹಳ್ಳಿಮನೆಯಲ್ಲಿ ಹಿತ್ತಲು, ಹೊಂಡ, ಬಳ್ಳಿ ಚಪ್ಪರ ಮೂರೂ ಮನೆಯ ಭಾಗವೇ. ಸೋರೆ, ಕುಂಬಳ, ಬಸಳೆ ಮನೆಯ ಮಾಡಿನ ಮೇಲೆ ಹಬ್ಬುತ್ತವೆ. ಆ ಅಭ್ಯಾಸವನ್ನು ಅವರು ಕ್ಯಾಂಪಿಗೂ ತಂದರು. ಕ್ಯಾಂಪ್ ಎಂದರೆ ಮನೆಗಳು ಒತ್ತೊತ್ತಾಗಿರುತ್ತವೆ, ಭಾಷೆ ಒಂದೇ. ಒಬ್ಬರ ಬೀಜ ಇನ್ನೊಬ್ಬರಿಗೆ, ಒಬ್ಬರ ಅಗಿ ಇನ್ನೊಬ್ಬರಿಗೆ ದಾಟುವುದಕ್ಕೆ ಇದಕ್ಕಿಂತ ಅನುಕೂಲವೇನು? ಎಲ್ಲ ಕಳೆದುಕೊಂಡು ಬಂದವರು ಬಿಡದೆ ಹಿಡಿದುಕೊಂಡದ್ದರಲ್ಲಿ ಹಿತ್ತಲೂ ಒಂದು. ಅದೇ ಕಾಲುವೆ, ಅದೇ ಬಿಸಿಲು, ಅದೇ ಮಣ್ಣು. ಬೇರೆ ಇದ್ದದ್ದು ಕೂಡಿ ಕಲಿಯುವ, ಕೂಡಿ ಬೆಳೆಯುವ ಬಳಗ.

ಜಗತ್ತಿನಲ್ಲೂ ಇಂಥದ್ದೇ ನಡೆದಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡ್, ಅಮೆರಿಕದಲ್ಲಿ ಆಹಾರ ಸಾಲದಾದಾಗ ಮನೆ ಅಂಗಳ, ಶಾಲೆ, ಉದ್ಯಾನಗಳನ್ನೆಲ್ಲ ಅಗೆದು ತರಕಾರಿ ಹಾಕಿದರು. ಅಮೆರಿಕವೊಂದರಲ್ಲೇ ಅಂದಾಜು 2 ಕೋಟಿ ಯುದ್ಧತೋಟಗಳಿದ್ದವು. ಹೊಸಬರಿಗೆ ಓಣಿಯ ಸಂಘಗಳು, ಶಾಲೆಗಳು ಕಲಿಸಿದವು. ಯುದ್ಧ ಮುಗಿದು ಅಂಗಡಿ ತುಂಬಿದ ಮೇಲೆ ಬಹುಪಾಲು ತೋಟಗಳು ಮಾಯವಾದವು. ಅಭಾವ ಕಲಿಸಿದ ವಿದ್ಯೆ ಉಳಿಯಬೇಕಾದರೆ ಅಭಾವ ಮುಗಿದ ಮೇಲೂ ಕೂಡುವವರು ಇರಬೇಕು.

ಮರಿಗೌಡರ ನಾಲ್ಕು ಅಂಗ

ಕರ್ನಾಟಕದಲ್ಲಿ ಇದನ್ನು ಸರ್ಕಾರದ ಕಡೆಯಿಂದ ಚಲೋ ಅರ್ಥ ಮಾಡಿಕೊಂಡವರು ಡಾ. ಎಂ.ಎಚ್. ಮರಿಗೌಡ. ಲಾಲ್‌ಬಾಗಿನಿಂದ ಕೆಲಸ ಮಾಡಿದ ಅವರು ತೋಟಗಾರಿಕೆಯನ್ನು ಹಳ್ಳಿಗೆ ತಂದರು. ಅವರ ಕಾಲದಲ್ಲೇ, 1960ರ ದಶಕದಲ್ಲಿ, ತೋಟಗಾರಿಕೆಗೆ ಪ್ರತ್ಯೇಕ ಇಲಾಖೆ ಗಟ್ಟಿಯಾಗಿ ನಿಂತಿತು. ಅವರ ಯೋಚನೆಗೆ ನಾಲ್ಕು ಅಂಗ. ರೈತರು ಕಣ್ಣಾರೆ ನೋಡಲು ಸರ್ಕಾರಿ ತೋಟಗಾರಿಕೆ ಕ್ಷೇತ್ರಗಳು. ಒಳ್ಳೆಯ ಸಸಿಗೆ ನರ್ಸರಿಗಳು. ಬೀಜ, ಮಣ್ಣು, ರೋಗಕ್ಕೆ ಸಹಾಯ ಮಾಡುವ ಪ್ರಯೋಗಾಲಯಗಳು. ಬೆಳೆದದ್ದನ್ನು ಮಾರಲು ಬೆಳೆಗಾರರದೇ ಸಹಕಾರ ಸಂಘ. ಇವತ್ತಿನ ಹಾಪ್‌ಕಾಮ್ಸ್ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಶುರುವಾದದ್ದು.

ನೋಡುವುದು, ಪಡೆಯುವುದು, ಕೇಳುವುದು, ಮಾರುವುದು. ನಾಲ್ಕೂ ಇದ್ದರೆ ತೋಟ ನಿಲ್ಲುತ್ತದೆ. ನಮ್ಮ ತಾಲ್ಲೂಕುಗಳಲ್ಲಿ ತೋಟಗಾರಿಕೆ ಇಲಾಖೆಯ ಕಚೇರಿ ಇದೆ. 2008ರಿಂದ ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ, ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯ ಇವೆ. ರೈತರ ಮಕ್ಕಳಿಗೆ ಇಲಾಖೆ 10 ತಿಂಗಳ ತೋಟಗಾರಿಕೆ ತರಬೇತಿ ಕೊಡುತ್ತದೆ. ಆದರೆ ಇವೆಲ್ಲ ಹೆಚ್ಚಾಗಿ ತಲುಪುವುದು ಎಕರೆಗಟ್ಟಲೆ ದಾಳಿಂಬೆ, ಮೆಣಸಿನಕಾಯಿ ಹಾಕುವವರನ್ನು. ಬಚ್ಚಲ ಹಿಂದೆ ಹತ್ತು ಅಡಿ ಜಾಗವಿರುವ ತಾಯಿಗೆ ಹತ್ತಿರದ ಗುರು ಯಾರು? ಆ ಜಾಗ ಖಾಲಿ ಇದೆ.

ಈಗ ಕೂಡಿದವರು

ಆ ಜಾಗವನ್ನು ಜನ ತಾವೇ ತುಂಬಿಕೊಂಡ ಎರಡು ನಿದರ್ಶನಗಳು ನಮ್ಮ ಕಣ್ಣೆದುರೇ ಇವೆ. ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದಲ್ಲಿದ್ದ ಡಾ. ಬಿ.ಎನ್. ವಿಶ್ವನಾಥ್ ತಾರಸಿ ತೋಟ ಮಾಡುವುದನ್ನು ಊರವರಿಗೆ ಕಲಿಸುತ್ತಾ ಬಂದರು. 2011ರಿಂದ 'ಊಟ ಫ್ರಮ್ ಯುವರ್ ತೋಟ' ಎಂಬ ಕೂಟಗಳು ಬೇರೆ ಬೇರೆ ಬಡಾವಣೆಗಳಲ್ಲಿ ನಡೆದವು. ತೋಟ ಮಾಡುವವರು ಒಂದು ದಿನ ಸೇರುತ್ತಾರೆ. ಬೀಜ, ಗೊಬ್ಬರ, ಸಸಿ ಸಿಗುತ್ತದೆ. ಒಬ್ಬರು ತಮ್ಮ ಅನುಭವ ಹೇಳುತ್ತಾರೆ, ಉಳಿದವರು ಪ್ರಶ್ನೆ ಕೇಳುತ್ತಾರೆ. ಮಣ್ಣೇ ಇಲ್ಲದ ಊರಿನವರು ಕೂಡಿ ತರಕಾರಿ ಕಲಿತರು.

ಇನ್ನೊಂದು ನಮಗೆ ಇನ್ನೂ ಹತ್ತಿರದ್ದು. ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘ. ಸಿರಿಧಾನ್ಯದ ಬೀಜ ಉಳಿಸುವ ಕೆಲಸಕ್ಕಾಗಿ ಈ ಸಂಘಕ್ಕೆ 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ಉಳಿತಾಯದ ಲೆಕ್ಕ ಬರೆಯುತ್ತಿದ್ದಂಥ ಹಳ್ಳಿಯ ಹೆಣ್ಣುಮಕ್ಕಳ ಸಂಘವೇ ಬೀಜದ ಬ್ಯಾಂಕನ್ನೂ ನಡೆಸಿತು. ಅಂಥ ಸ್ವಸಹಾಯ ಸಂಘಗಳು ನಮ್ಮ ಊರೂರಲ್ಲೂ ಇವೆ. ಹೊಸ ಸಂಘ ಕಟ್ಟಬೇಕಿಲ್ಲ. ಇರುವ ಸಂಘದ ಸಭೆಯಲ್ಲಿ ಬೀಜದ ಮಾತು ಸೇರಬೇಕು.

ಹತ್ತು ಮನೆಯ ಲೆಕ್ಕ

ಇತಿಹಾಸದಿಂದ ಕಲಿಯುವುದಿದ್ದರೆ ಅದು ಹೊಲದ ಕೆಲಸಕ್ಕೂ ಬರಬೇಕು. ಹತ್ತು ಮನೆ ಕೂಡಿದರೆ ಏನು ಸಾಧ್ಯ ಎಂದು ಲೆಕ್ಕ ನೋಡೋಣ.

20 ಅಡಿ ಉದ್ದ, 10 ಅಡಿ ಅಗಲದ ಜಾಗ ಅಂದರೆ ಸುಮಾರು 18 ಚದರ ಮೀಟರ್. ಒಂದು ಚದರ ಮೀಟರ್ ಮಡಿಗೆ ದಿನಕ್ಕೆ ಸುಮಾರು 5 ಲೀಟರ್ ನೀರು ಹಿಡಿದರೆ ಒಟ್ಟು 90 ಲೀಟರ್ ಬೇಕು. ಐದು ಮಂದಿ ತಲಾ ಒಂದು ದೊಡ್ಡ ಕೊಡ, 20 ಲೀಟರ್, ನೀರಿನಲ್ಲಿ ಮೈ ತೊಳೆದರೂ ಬಚ್ಚಲಿನಿಂದ 100 ಲೀಟರ್ ಹೊರಗೆ ಹೋಗುತ್ತದೆ. ಅಂದರೆ ನಾವು ಚರಂಡಿಗೆ ಬಿಡುವ ನೀರಿನಲ್ಲೇ ಒಂದು ಹಿತ್ತಲು ಬದುಕುತ್ತದೆ. ಬಟ್ಟೆಪುಡಿಯ ನೀರನ್ನು ಬೇರೆ ಬಿಡಬೇಕು. ಬಚ್ಚಲ ನೀರನ್ನು ಮೊದಲು ಬಾಳೆ, ಕೆಸುವಿನ ಬುಡಕ್ಕೆ ಹರಿಸಬೇಕು. ಹಸಿಯಾಗಿ ತಿನ್ನುವ ಸೊಪ್ಪಿಗೆ ಅದನ್ನು ಹಾಕಬಾರದು. ಕಡುಬೇಸಿಗೆಯಲ್ಲಿ ನೀರು ಇನ್ನೂ ಬೇಕಾಗುತ್ತದೆ, ಆಗ ಮಡಿಗೆ ಭತ್ತದ ಹುಲ್ಲು ಹೊದಿಸಬೇಕು. ಹುಲ್ಲಿಗೆ ನಮ್ಮಲ್ಲಿ ಬರವಿಲ್ಲ.

ಇದು ಸಣ್ಣ ಮಾತಲ್ಲ. 2024ರ ಆಗಸ್ಟ್ 10ರಂದು ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದ ರಾತ್ರಿ ನಮ್ಮ ಸೀಮೆಯಲ್ಲಿ ಯಾರಿಗೂ ನಿದ್ದೆ ಬರಲಿಲ್ಲ. ಒಂದೇ ನೀರಿನ ಮೇಲೆ, ಒಂದೇ ಬೆಳೆಯ ಮೇಲೆ ಬದುಕು ನಿಂತಿದೆ ಎಂಬುದು ಆಗ ಎಲ್ಲರಿಗೂ ಗೊತ್ತಾಯಿತು. ಹಿತ್ತಲು ಭತ್ತದ ನಷ್ಟ ತುಂಬಿಕೊಡುವುದಿಲ್ಲ. ಆದರೆ ಭತ್ತ ಕೈಕೊಟ್ಟ ವರ್ಷವೂ ತಾಟಿನಲ್ಲಿ ಪಲ್ಲೆ ಇರುತ್ತದೆ.

ಎರೆ ಮಣ್ಣಿಗೆ ತನ್ನದೇ ಗುಣವಿದೆ. ನೀರು ಹಿಡಿಯುತ್ತದೆ, ಬಿಡುವುದಿಲ್ಲ. ಬೇರಿಗೆ ಗಾಳಿ ಸಿಗದೆ ಗಿಡ ಹಳದಿಯಾಗುತ್ತದೆ. ಅದನ್ನು ನೋಡಿ ನೀರು ಸಾಲದು ಎಂದು ಮತ್ತಷ್ಟು ನೀರು ಹಾಕಿ ಗಿಡ ಕಳೆದುಕೊಳ್ಳುವವರು ಬಹಳ. ಮಡಿಯನ್ನು ಒಂದು ಗೇಣು ಎತ್ತರ ಮಾಡಿ, ತಿಪ್ಪೆಗೊಬ್ಬರ ಮತ್ತು ಸಿಕ್ಕರೆ ಮಸಾರಿ ಮಣ್ಣು ಬೆರೆಸಿದರೆ ಇದು ತಪ್ಪುತ್ತದೆ. ಇದನ್ನು ಹೇಳುವುದಕ್ಕೆ ಒಂದು ನಿಮಿಷ ಸಾಕು. ಆದರೆ ಪಕ್ಕದ ಮನೆಯವರ ಎತ್ತರದ ಮಡಿಯಲ್ಲಿ ಬದನೆ ಹಸಿರಾಗಿ ನಿಂತದ್ದನ್ನು ನೋಡುವವರೆಗೆ ನಮಗೆ ನಂಬಿಕೆ ಬರುವುದಿಲ್ಲ. ಅದಕ್ಕೇ ಹತ್ತು ಮನೆ ಬೇಕು.

ಹತ್ತು ಮನೆಯೂ ಎಲ್ಲವನ್ನೂ ಬೆಳೆಯಬೇಕಿಲ್ಲ. ಒಂದು ಮನೆ ಮೆಣಸಿನ ಅಗಿ ಹಾಕಲಿ, ಒಂದು ಮನೆ ಬದನೆ ಅಗಿ, ಒಂದು ಮನೆ ಹೀರೆ ಬೀಜ ಇಡಲಿ. ಒಂದೇ ಊರಲ್ಲಿ ಒಬ್ಬರ ಬೀಜ ಹುಳು ಹಿಡಿದರೂ ಇನ್ನೊಬ್ಬರ ಮನೆಯಲ್ಲಿ ಉಳಿದಿರುತ್ತದೆ. ಮಿರಗ ಮಳೆಗೆ ಮುಂಚೆ ಒಂದು ಸಲ ಬೀಜ ಹಂಚಿಕೊಳ್ಳುವುದು, ಎಳ್ಳ ಅಮಾವಾಸ್ಯೆಗೆ ಒಂದು ಸಲ ಹಿತ್ತಲುಗಳನ್ನು ಕೂಡಿ ನೋಡಿ ಬರುವುದು. ವರ್ಷಕ್ಕೆ ಎರಡು ಸಲ ಕೂಡಿದರೆ ಸಾಕು, ಲಾಲ್‌ಬಾಗಿನಲ್ಲೂ ಅಷ್ಟೇ ಸಲ ಪ್ರದರ್ಶನ ನಡೆಯುವುದು. ಶಾಲೆ, ಅಂಗನವಾಡಿಯಲ್ಲಿ ಪೌಷ್ಟಿಕ ಕೈತೋಟಕ್ಕೆ ಸರ್ಕಾರವೇ ಒತ್ತು ಕೊಡುತ್ತಿದೆ. ಪ್ರತಿ ಸೆಪ್ಟೆಂಬರ್‌ನಲ್ಲಿ ಪೋಷಣ ಮಾಸ ಆಚರಿಸುತ್ತಾರೆ. ಆ ತೋಟಗಳು ಫೋಟೋ ತೆಗೆದ ಮೇಲೆ ಒಣಗದಂತೆ ನೋಡಿಕೊಳ್ಳಲು ಊರಲ್ಲೊಂದು ಬಳಗ ಬೇಕು.

ಮೊದಲ ಬೀಜ ಎಲ್ಲಿಂದ ತರುವುದು ಎಂದು ಕೇಳುವವರಿಗೆ ನಮ್ಮ ಉತ್ತರ ಇಷ್ಟೇ. ಮೊದಲು ನಿಮ್ಮ ಊರಿನ ಹಿರಿಯ ಹೆಣ್ಣುಮಕ್ಕಳ ಮನೆಗೆ ಹೋಗಿ. ಹಳೆಯ ಪುಂಡಿ, ಹೀರೆ, ಚವಳಿ, ಅವರೆ ಬೀಜ ಯಾವುದೋ ಡಬ್ಬಿಯಲ್ಲಿ, ಯಾವುದೋ ಗಂಟಿನಲ್ಲಿ ಇನ್ನೂ ಇರಬಹುದು. ಬೀಜದ ಜತೆಗೆ ಅದನ್ನು ಯಾವಾಗ ಹಾಕಬೇಕು, ಹೇಗೆ ಇಡಬೇಕು ಎಂಬುದನ್ನೂ ಕೇಳಿ ಬರೆದುಕೊಳ್ಳಿ. ಬೀಜ ಹಳೆಯದಾದಷ್ಟೂ ಮೊಳಕೆ ಕಡಿಮೆ. ಹೀಗಾಗಿ ಈ ಮಿರಗಕ್ಕೇ ಬಿತ್ತಿ, ಬಂದ ಬೀಜದಲ್ಲಿ ಒಂದು ಹಿಡಿ ಅವರಿಗೇ ಮರಳಿ ಕೊಟ್ಟು, ಇನ್ನೊಂದು ಹಿಡಿ ನೆರೆಮನೆಗೆ ಕೊಡಿ.